ಯಾವುದು ಗೀರು, ಯಾವುದು ಬರಹ?

ನಮ್ಮ ಅಬ್ಬಾ ಊರಿನ ಹತ್ತಿ ಗಿರಣಿಯೊಂದರ ಲೆಕ್ಕದ ಕೋಣೆಯಲ್ಲಿ ಗುಮಾಸ್ತರಾಗಿದ್ದರು. ಗಿರಣಿ ಮುಚ್ಚಿದಾಗ ಅವರಿಗೆ ಬರಬೇಕಾಗಿದ್ದ ಹಣದಲ್ಲಿ ಅರ್ಧವೂ ಬರಲಿಲ್ಲ. ಬಂದದ್ದು ಒಂದು ಹಳೆಯ ಫಾಸಿಟ್ ಲೆಕ್ಕಯಂತ್ರ. ಅದೂ ಗಿರಣಿಯವರು ಕೊಟ್ಟದ್ದಲ್ಲ. ಗುಜರಿಯವನು ತೂಕಕ್ಕೆ ಕೊಂಡಿದ್ದನ್ನು ಅಬ್ಬಾ ಅವನ ಬೆನ್ನು ಹತ್ತಿ ಬಿಡಿಸಿಕೊಂಡು, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಮನೆಗೆ ತಂದಿದ್ದರು. ‘ಬಾಕಿ ವಸೂಲಿಗೆ ಹೋದವರು ಕಬ್ಬಿಣ ಹೊತ್ತು ತಂದಿರಲ್ಲ’ ಎಂದು ಅಮ್ಮಿ ಅಂದು ಆಡಿದ ಮಾತು ನಮ್ಮ ಮನೆಯಲ್ಲಿ ಬಹುಕಾಲ ಗಾದೆಯಂತೆ ಉಳಿದಿತ್ತು.

ಆ ಯಂತ್ರದ ಮುಂಭಾಗದಲ್ಲಿ, ಉತ್ತರದ ಅಂಕಿಗಳು ಕಾಣುವ ಸಣ್ಣ ಕಿಂಡಿಗಳ ಕೆಳಗೆ, ಮೊಳೆಯಿಂದ ಕೆರೆದ ಮೂರು ಗೀರುಗಳಿದ್ದವು. ಬಲಗಡೆಯಿಂದ ಮೂರು ಕಿಂಡಿ ಬಿಟ್ಟು ಒಂದು ಗೀರು. ಆಮೇಲೆ ಎರಡು ಬಿಟ್ಟು ಒಂದು, ಮತ್ತೆರಡು ಬಿಟ್ಟು ಇನ್ನೊಂದು. ಸ್ವೀಡನ್ ದೇಶದಲ್ಲಿ ತಯಾರಾದ ಯಂತ್ರಕ್ಕೆ ಸಾವಿರ ಗೊತ್ತು, ಮಿಲಿಯನ್ ಗೊತ್ತು. ಲಕ್ಷ, ಕೋಟಿ ಅದಕ್ಕೆ ಗೊತ್ತಿಲ್ಲ. ಗಿರಣಿಯ ಖಾತೆ ಪುಸ್ತಕ ನಡೆಯುತ್ತಿದ್ದುದು ಲಕ್ಷದಲ್ಲಿ. ಆದ್ದರಿಂದ ಅಬ್ಬಾ ಯಂತ್ರಕ್ಕೆ ನಮ್ಮ ಲೆಕ್ಕವನ್ನು ಕಲಿಸಿದ್ದರು. ಏಳನೆಯ ಕಿಂಡಿಯ ಪಕ್ಕದಲ್ಲಿ ಇನ್ನೂ ಒಂದು ಗುರುತಿತ್ತು: ಉರ್ದುವಿನ ‘ಬಡೀ ಹೇ’ ಅಕ್ಷರ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದು ‘ಹಾಸಿಲ್’ ಎಂಬುದರ ಮೊದಲಕ್ಷರ. ಕೂಡುವಾಗ ಒಂಬತ್ತು ದಾಟಿದರೆ ಮುಂದಿನ ಮನೆಗೆ ಒಯ್ಯುವ ಒಂದನ್ನು ನಮ್ಮ ಉರ್ದು ಶಾಲೆಯಲ್ಲಿ ಹಾಸಿಲ್ ಎನ್ನುತ್ತಿದ್ದರು. ಅದನ್ನೇ ಆಮೇಲೆ ಕನ್ನಡ ಶಾಲೆಯಲ್ಲಿ ದಶಕ ಎಂದು ಕಲಿತೆವು. ಆ ಯಂತ್ರದ ಏಳನೆಯ ಚಕ್ರ ಕೆಲವೊಮ್ಮೆ ಹಾಸಿಲ್ ನುಂಗಿಬಿಡುತ್ತಿತ್ತು. ‘ಇಲ್ಲಿ ಎಚ್ಚರ’ ಎಂದು ಅಬ್ಬಾ ತಮಗೆ ತಾವೇ ಬರೆದುಕೊಂಡ ಚೀಟಿ ಅದು.

ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಅಟ್ಟದಿಂದ ಯಂತ್ರವನ್ನು ಇಳಿಸಿದೆವು. ಹಿಡಿ ತಿರುಗುತ್ತಿರಲಿಲ್ಲ. ಟೈಪ್‌ರೈಟರ್ ರಿಪೇರಿ ಮಾಡುವ ಹಳಬರೊಬ್ಬರಿಗೆ ಒಪ್ಪಿಸಿದೆವು. ಮೂರು ವಾರದ ನಂತರ ಹೋದರೆ ಗುರುತೇ ಸಿಗಲಿಲ್ಲ. ಹಿಡಿ ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡುತ್ತಿತ್ತು. ಏಳನೆಯ ಚಕ್ರ ಹಾಸಿಲ್ ಒಯ್ಯುತ್ತಿತ್ತು. ಮೈಗೆಲ್ಲ ಹೊಸ ಹಸಿರು ಬಣ್ಣ. ‘ಗೀರೆಲ್ಲ ತಿಕ್ಕಿ ತೆಗೆದಿದ್ದೀನಿ ಸರ್, ಅದಕ್ಕೆ ಬೇರೆ ಚಾರ್ಜ್ ಇಲ್ಲ’ ಎಂದರು ಆ ಹಿರಿಯರು. ಅವರ ಮುಖದಲ್ಲಿದ್ದ ತೃಪ್ತಿಯನ್ನು ನೋಡಿ ನಾವು ಬಾಯಿ ತೆರೆಯಲಿಲ್ಲ. ಇಂದಿಗೂ ಅವರನ್ನು ದೂರುವ ಮನಸ್ಸು ನಮಗಿಲ್ಲ. ಅವರು ಪ್ರೀತಿಯಿಂದಲೇ ಅಳಿಸಿದ್ದರು.

ಈ ಬರಹ ಹುಟ್ಟಿದ್ದು ಅಲ್ಲಿಂದ. ಹಳೆಯ ಲೆಕ್ಕಯಂತ್ರಗಳನ್ನು ದುರಸ್ತಿ ಮಾಡುವುದು ಇಂದು ಜಗತ್ತಿನ ಅನೇಕ ಕಡೆ ಒಂದು ಹವ್ಯಾಸ, ಒಂದು ವಿದ್ಯೆ, ಕೆಲವರಿಗೆ ವ್ಯಾಪಾರ. ಅದರ ಬಗ್ಗೆ ಬರೆಯುವವರು ಹೆಚ್ಚಾಗಿ ತಂತ್ರವನ್ನು ಬರೆಯುತ್ತಾರೆ, ಇಲ್ಲವೆ ಬೆಲೆಯನ್ನು. ನಾವು ಕತೆ ಬರೆಯುವವರು. ದುರಸ್ತಿಯನ್ನು ಒಂದು ಓದಿನಂತೆ ನೋಡಬಹುದೇ ಎಂದು ಕೇಳಿಕೊಳ್ಳುತ್ತಿದ್ದೇವೆ. ಹಸ್ತಪ್ರತಿಯನ್ನು ಸಂಪಾದಿಸುವವನಿಗೂ ಗಿಯರನ್ನು ಸರಿಪಡಿಸುವವನಿಗೂ ಎದುರಾಗುವ ಪ್ರಶ್ನೆ ಒಂದೇ ಎಂದು ನಮಗೆ ತೋರುತ್ತದೆ: ಇದು ತಪ್ಪೋ, ಇಲ್ಲಾ ಯಾರೋ ಬೇಕೆಂದೇ ಬರೆದದ್ದೋ?

‘ದುರಸ್ತಿ’ ಎಂಬ ಮಾತು ಫಾರಸಿಯಿಂದ ಕನ್ನಡಕ್ಕೆ ಬಂದದ್ದು. ‘ದುರುಸ್ತ್’ ಎಂದರೆ ಸರಿಯಾದುದು. ಯಾರ ಪ್ರಕಾರ ಸರಿ ಎಂಬುದನ್ನು ಪದ ಹೇಳುವುದಿಲ್ಲ. ನಮ್ಮಲ್ಲಿ ಇದಕ್ಕಿಂತ ಘನವಾದ ಇನ್ನೊಂದು ಪದವಿದೆ, ಜೀರ್ಣೋದ್ಧಾರ. ಅದರ ಹೆಸರಿನಲ್ಲಿ ಕಲ್ಲಿನ ಕಂಬಗಳಿಗೆ ಆಯಿಲ್ ಪೇಂಟ್ ಬಳಿದ ಗುಡಿಗಳನ್ನು ನಾವು ನೋಡಿದ್ದೇವೆ. ಗಾರೆಯ ಹೂಬಳ್ಳಿಗಳನ್ನು ಕೆಡವಿ ಬಚ್ಚಲಿಗೆ ಹಾಕುವ ಟೈಲ್ಸ್ ಹೊದಿಸಿದ ಮಸೀದಿಗಳನ್ನೂ, ದರ್ಗಾಗಳನ್ನೂ ನೋಡಿದ್ದೇವೆ. ಈ ವಿಷಯದಲ್ಲಿ ನಮ್ಮ ಸಮುದಾಯಗಳ ನಡುವೆ ಅಪೂರ್ವವಾದ ಸೌಹಾರ್ದವಿದೆ.

ಇರಲಿ, ಯಂತ್ರಕ್ಕೆ ಬರೋಣ. ಕೈಯಿಂದ ತಿರುಗಿಸುವ ಲೆಕ್ಕಯಂತ್ರಗಳ ವಂಶದಲ್ಲಿ ಎರಡು ದೊಡ್ಡ ಕವಲುಗಳಿವೆ. ಒಂದು, ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ 17ನೇ ಶತಮಾನದಲ್ಲಿ ಯೋಚಿಸಿದ ಮೆಟ್ಟಿಲು ಉರುಳೆ: ಒಂದು ಉರುಳೆಯ ಮೇಲೆ ಒಂದಕ್ಕಿಂತ ಒಂದು ಉದ್ದವಾದ ಒಂಬತ್ತು ಹಲ್ಲುಗಳು. ಪಕ್ಕದ ಪುಟ್ಟ ಗಿಯರ್ ಎಲ್ಲಿ ನಿಂತಿದೆಯೋ ಅದರ ಮೇಲೆ ಎಷ್ಟು ಹಲ್ಲು ತಗಲುತ್ತದೆ ಎಂಬುದು ನಿರ್ಧಾರವಾಗುತ್ತದೆ. ಇನ್ನೊಂದು, ಸ್ವೀಡನ್ ಮೂಲದ ಒಡ್ನರ್ ಎಂಬಾತ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1870ರ ದಶಕದಲ್ಲಿ ರೂಪಿಸಿದ ಮುಳ್ಳುಚಕ್ರ. ಇದರಲ್ಲಿ ಬೇಕಾದಷ್ಟು ಹಲ್ಲುಗಳು ಚಕ್ರದ ಅಂಚಿನಿಂದ ಹೊರಚಾಚುತ್ತವೆ, ಬೇಡವಾದವು ಬೆಕ್ಕಿನ ಉಗುರಿನಂತೆ ಒಳಗೆ ಅಡಗುತ್ತವೆ. ರಷ್ಯಾದ ಕ್ರಾಂತಿಯ ನಂತರ ಒಡ್ನರ್ ಕುಟುಂಬ ಸ್ವೀಡನ್ನಿಗೆ ಹೋಯಿತು. ಹಿಂದೆ ಉಳಿದ ವಿದ್ಯೆಯಿಂದ ಸೋವಿಯತ್ ಸರ್ಕಾರ ‘ಫೆಲಿಕ್ಸ್’ ಎಂಬ ಯಂತ್ರವನ್ನು ದಶಕಗಳ ಕಾಲ ತಯಾರಿಸಿತು. ಆ ಹೆಸರು ರಹಸ್ಯ ಪೊಲೀಸ್ ಪಡೆಯನ್ನು ಕಟ್ಟಿದ ಫೆಲಿಕ್ಸ್ ಜೆರ್ಜಿನ್‌ಸ್ಕಿಯದು. ಕೂಡಿ ಕಳೆಯುವ ಯಂತ್ರಕ್ಕೆ ಅವರು ಆ ಹೆಸರನ್ನೇ ಏಕೆ ಆರಿಸಿದರೋ! ಅಬ್ಬಾನ ಫಾಸಿಟ್ ಕೂಡ ಈ ಮುಳ್ಳುಚಕ್ರದ ಕವಲಿಗೇ ಸೇರಿದ್ದು. ನಮ್ಮ ದೇಶದ ಕಚೇರಿಗಳಲ್ಲೂ ಕಾಲೇಜುಗಳ ಸಂಖ್ಯಾಶಾಸ್ತ್ರ ವಿಭಾಗಗಳಲ್ಲೂ ಒಂದು ತಲೆಮಾರು ಅದರ ಕರಕರ ಸದ್ದು ಕೇಳಿಯೇ ಬೆಳೆದಿದೆ.

ಯಾವ ಕವಲಿನದಾದರೂ ಯಂತ್ರದ ಪ್ರಾಣ ಇರುವುದು ಹಾಸಿಲ್‌ನಲ್ಲಿ. ಎರಡಕ್ಕೆ ಮೂರು ಕೂಡಿಸುವುದು ದೊಡ್ಡ ಮಾತಲ್ಲ. ಒಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಒಂದು ಕೂಡಿಸಿದಾಗ ಬಲತುದಿಯ ಚಕ್ರ ಕೊಟ್ಟ ಸುದ್ದಿ ಒಂದೊಂದೇ ಮನೆ ದಾಟಿ ಎಡತುದಿಯವರೆಗೆ ಮುಟ್ಟಬೇಕು. ನಡುವೆ ಒಬ್ಬ ನಿದ್ದೆ ಹೋದರೆ ಉತ್ತರ ಸುಳ್ಳು. ಆದ್ದರಿಂದಲೇ ದುರಸ್ತಿ ಬಲ್ಲವರು ಮೊದಲು ಮಾಡುವ ಪರೀಕ್ಷೆ ಇದು: ಎಲ್ಲ ಕಿಂಡಿಗಳಲ್ಲೂ ಒಂಬತ್ತು ತುಂಬಿ ಒಂದನ್ನು ಕೂಡಿಸುವುದು. ಯಂತ್ರ ಕೆಟ್ಟಿದೆ ಎಂದರೆ ಹೆಚ್ಚಿನ ಸಲ ಏನೂ ಮುರಿದಿರುವುದಿಲ್ಲ. ಐವತ್ತು ವರ್ಷದ ಹಿಂದೆ ಹಾಕಿದ ಎಣ್ಣೆ ಅಂಟಾಗಿ, ಅಂಟು ಮೇಣವಾಗಿ, ಸಣ್ಣ ಸ್ಪ್ರಿಂಗಿಗೆ ತನ್ನ ಸನ್ನೆಯನ್ನು ಹಿಂದಕ್ಕೆ ಎಳೆಯಲು ಶಕ್ತಿ ಸಾಲುವುದಿಲ್ಲ. ಅಷ್ಟೇ. ಆಗ ತಿರುಗದ ಹಿಡಿಯನ್ನು ಬಲವಂತವಾಗಿ ತಿರುಗಿಸುವವನೇ ನಿಜವಾಗಿ ಮುರಿಯುವವನು. ಇನ್ನು ಮೇಲಿನಿಂದ ಹೊಸ ಎಣ್ಣೆ ಸುರಿಯುವವರಿದ್ದಾರೆ. ಒಂದು ವಾರ ಯಂತ್ರ ಓಡುತ್ತದೆ, ಆಮೇಲೆ ಹಳೆಯ ಮೇಣ ಕರಗಿ ಹೊಸ ಧೂಳಿನೊಂದಿಗೆ ಕೂಡಿ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ. ತೊಳೆಯಬೇಕು, ಒಣಗಿಸಬೇಕು, ಬೇಕಾದ ಕಡೆ ಮಾತ್ರ ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಬೇಕು.

ನುರಿತವರು ಇನ್ನೊಂದು ಕೆಲಸ ಮಾಡುತ್ತಾರೆ, ಅದು ನಮಗೆ ಬಹಳ ಹಿಡಿಸಿತು. ಯಂತ್ರವನ್ನು ಬಿಚ್ಚುವ ಮೊದಲು ಅವರು ಸ್ಕ್ರೂಗಳ ತಲೆಯನ್ನು ನೋಡುತ್ತಾರೆ. ತಲೆಯ ಸೀಳಿನ ಅಂಚು ಚೂಪಾಗಿದ್ದರೆ ಕಾರ್ಖಾನೆ ಬಿಟ್ಟ ಮೇಲೆ ಯಾರೂ ಬಿಚ್ಚಿಲ್ಲ. ಅಂಚು ಕಿತ್ತುಹೋಗಿದ್ದರೆ ಅಳತೆಗೆ ಹೊಂದದ ತಿರುಪುಳಿ ಹಿಡಿದ ಅವಸರದ ಕೈಯೊಂದು ಇಲ್ಲಿ ಹಾದುಹೋಗಿದೆ. ಹೀಗೆ ಯಂತ್ರವನ್ನು ಮುಟ್ಟಿದ ಎಲ್ಲರ ಚರಿತ್ರೆ ಅದರ ಸ್ಕ್ರೂಗಳಲ್ಲಿರುತ್ತದೆ. ಓದಿದ ಮೇಲೆ ಬಿಚ್ಚುವುದು. ಬಿಚ್ಚಿದ ಮೇಲೆ ಓದುವುದಲ್ಲ.

ಲೈಬ್ನಿಟ್ಸನ ಸ್ವಂತ ಯಂತ್ರದ ಕತೆ ರಿಪೇರಿಯ ಕತೆಗಳಲ್ಲೆಲ್ಲ ಹಳೆಯದಿರಬೇಕು. ಅವನ ಮರಣದ ನಂತರ 18ನೇ ಶತಮಾನದಲ್ಲಿ ಅದನ್ನು ಗಾಟಿಂಗನ್ ನಗರಕ್ಕೆ ದುರಸ್ತಿಗೆಂದು ಕಳಿಸಿದರು. ಅಲ್ಲಿಯ ವಿಶ್ವವಿದ್ಯಾಲಯದ ಅಟ್ಟ ಸೇರಿದ ಯಂತ್ರವನ್ನು ಎಲ್ಲರೂ ಮರೆತರು. 1879ರಲ್ಲಿ ಸೋರುವ ಮಾಡನ್ನು ಸರಿಮಾಡಲು ಹತ್ತಿದ ಕೂಲಿಯವರಿಗೆ ಅದು ಒಂದು ಮೂಲೆಯಲ್ಲಿ ಸಿಕ್ಕಿತು. ದುರಸ್ತಿಗೆ ಹೋದ ವಸ್ತು ನೂರಕ್ಕೂ ಹೆಚ್ಚು ವರ್ಷ ವಾಪಸು ಬರಲಿಲ್ಲವೆಂದರೆ ನಮ್ಮ ಊರಿನ ರೇಡಿಯೊ ಅಂಗಡಿಗಳನ್ನು ಬಲ್ಲವರಿಗೆ ಆಶ್ಚರ್ಯವೇನೂ ಆಗಲಿಕ್ಕಿಲ್ಲ. 1890ರ ದಶಕದಲ್ಲಿ ಗ್ಲಾಸ್‌ಹ್ಯೂಟೆಯ ಆರ್ಥರ್ ಬುರ್ಖಾರ್ಟ್ ಎಂಬ ಲೆಕ್ಕಯಂತ್ರ ತಯಾರಕ ಅದನ್ನು ಸರಿಪಡಿಸಲು ಕುಳಿತ. ಕೆಟ್ಟದ್ದು ಎಲ್ಲಿ ಎಂದು ಊಹಿಸುವುದು ಕಷ್ಟವೇನಲ್ಲ: ಹಾಸಿಲ್! ತತ್ವಜ್ಞಾನಿಯ ಯಂತ್ರ ಕೊನೆಯವರೆಗೂ ದಶಕ ಒಯ್ಯಲಾರದು ಎಂಬ ಮಾತು ಬಹುಕಾಲ ನಿಂತಿತು. 1990ರ ಸುಮಾರಿಗೆ ಡ್ರೆಸ್ಡನ್‌ನ ಪ್ರೊಫೆಸರ್ ಲೆಮಾನ್ ಅದರ ಪ್ರತಿಕೃತಿಯನ್ನು ಮಾಡಿಸಿ, ಕಲ್ಪನೆಯಲ್ಲಿ ದೋಷವಿಲ್ಲ, ಯಂತ್ರ ಓಡಬಲ್ಲದು ಎಂದು ತೋರಿಸಿದರು. ಮೂಲ ಯಂತ್ರ ಹ್ಯಾನೋವರಿನಲ್ಲಿದೆ. ಅದನ್ನು ಯಾರೂ ತಿರುಗಿಸುವುದಿಲ್ಲ.

ಮ್ಯೂಸಿಯಂನವರ ವಾದ ನಮಗೆ ಗೊತ್ತು. ಒಂದೊಂದು ಸುತ್ತಿಗೂ ಹಿತ್ತಾಳೆಯ ಹಲ್ಲು ಒಂದಿಷ್ಟು ಸವೆಯುತ್ತದೆ. ಇನ್ನೂರು ವರ್ಷದ ನಂತರ ಬರುವ ಸಂಶೋಧಕನಿಗೆ ನಾವು ಉಳಿಸಬೇಕಾದದ್ದು ಹಲ್ಲನ್ನು, ನಮ್ಮ ಸಂತೋಷವನ್ನಲ್ಲ. ಲೈಬ್ನಿಟ್ಸನ ಯಂತ್ರದಂತಹ ಒಂಟಿ ವಸ್ತುವಿಗೆ ಈ ಮಾತನ್ನು ಒಪ್ಪುತ್ತೇವೆ. ಆದರೆ ಲಕ್ಷಗಟ್ಟಲೆ ತಯಾರಾಗಿ, ಗುಮಾಸ್ತರ ಮೇಜಿನ ಮೇಲೆ ದಿನವಿಡೀ ತಿರುಗಿದ ಯಂತ್ರವನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಮುಟ್ಟಬೇಡಿ’ ಎಂದು ಬರೆಯುವುದು ಗೌರವವಲ್ಲ. ತಿರುಗದ ಯಂತ್ರದಲ್ಲಿ ಎಣ್ಣೆ ಹೆಪ್ಪುಗಟ್ಟುತ್ತದೆ. ಮುಟ್ಟದಿರುವುದೂ ಒಂದು ರೀತಿಯ ಸವೆತವೇ.

ಇನ್ನೊಂದು ತುದಿಯಲ್ಲಿರುವವರು ಹೊಳಪಿನವರು. ತುಕ್ಕಿನ ಮುದ್ದೆಯೊಂದು ಇಪ್ಪತ್ತು ನಿಮಿಷದಲ್ಲಿ ಕನ್ನಡಿಯಾಗುವ ವಿಡಿಯೊಗಳನ್ನು ಓದುಗರು ನೋಡಿರಬಹುದು. ಮಾತಿಲ್ಲ, ಕೈ ಮಾತ್ರ. ನೋಡಲು ಹಿತವಾಗಿರುತ್ತದೆ, ಒಪ್ಪಿಕೊಳ್ಳುತ್ತೇವೆ. ರಾತ್ರಿ ನಿದ್ದೆ ಬಾರದಾಗ ನಾವೂ ನೋಡಿದ್ದೇವೆ. ಆದರೆ ಅಲ್ಲಿ ಯಾರೂ ಒಂದು ಗೀರಿನ ಮುಂದೆ ನಿಂತು ಯೋಚಿಸುವುದನ್ನು ನಾವು ಕಾಣಲಿಲ್ಲ. ಎಲ್ಲ ಗೀರೂ ಶತ್ರು, ಎಲ್ಲ ಕಲೆಯೂ ಕೊಳೆ. ಕಾರ್ಖಾನೆಯಿಂದ ಹೊರಬಿದ್ದ ಮೊದಲ ದಿನವೇ ಯಂತ್ರದ ನಿಜವಾದ ರೂಪ, ಆಮೇಲೆ ಅದನ್ನು ಬಳಸಿದವರೆಲ್ಲ ಅದನ್ನು ಕೆಡಿಸಿದವರು ಎಂಬುದು ಅದರ ಹಿಂದಿರುವ ನಂಬಿಕೆ. ನಮಗೆ ತಕರಾರಿರುವುದು ಇಲ್ಲಿ. ತಯಾರಿಸಿದವನಿಗೆ ಹೆಸರು ಕೊಟ್ಟು ಬಳಸಿದವನನ್ನು ಅಳಿಸುವ ಚರಿತ್ರೆಯನ್ನು ನಾವು ಬೇರೆ ಕಡೆಯೂ ಸಾಕಷ್ಟು ಕಂಡಿದ್ದೇವೆ.

ಈಗ ಕುರ್ಟಾ. ಮೊದಲ ಸಲ ಈ ಹೆಸರು ಹೇಳಿದಾಗ ಗೆಳೆಯರೊಬ್ಬರು ‘ಈದ್‌ಗೆ ಹೊಲಿಸಿದ್ದಾ?’ ಎಂದು ಕೇಳಿದರು. ಇದು ತೊಡುವ ಕುರ್ತಾ ಅಲ್ಲ. ಅಂಗೈಯಲ್ಲಿ ಹಿಡಿಯುವ, ಮೆಣಸು ಪುಡಿಮಾಡುವ ಡಬ್ಬಿಯಂತೆ ಕಾಣುವ ಒಂದು ಲೆಕ್ಕಯಂತ್ರ. ಎತ್ತರ ಎಂಟೂವರೆ ಸೆಂಟಿಮೀಟರ್, ತೂಕ ಕಾಲು ಕಿಲೋಗೂ ಕಡಿಮೆ, ಒಳಗೆ ಆರುನೂರಕ್ಕೂ ಹೆಚ್ಚು ಬಿಡಿಭಾಗಗಳು. ಬದಿಯಲ್ಲಿರುವ ಗುಂಡಿಗಳನ್ನು ಜಾರಿಸಿ ಸಂಖ್ಯೆಯನ್ನು ಕೂರಿಸಬೇಕು, ತಲೆಯ ಮೇಲಿನ ಹಿಡಿಯನ್ನು ಒಂದು ಸುತ್ತು ತಿರುಗಿಸಬೇಕು, ಕೂಡಿತು. 365ನ್ನು 24ರಿಂದ ಗುಣಿಸಬೇಕೆ? ನಾಲ್ಕು ಸುತ್ತು, ಮೇಲಿನ ತಲೆಯನ್ನು ಎತ್ತಿ ಒಂದು ಮನೆ ಸರಿಸಿ ಮತ್ತೆರಡು ಸುತ್ತು. ಆರು ಸುತ್ತಿಗೆ 8760 ಕಿಂಡಿಯಲ್ಲಿ ಕೂತಿರುತ್ತದೆ. ಕಳೆಯಬೇಕಾದರೆ ಹಿಡಿಯನ್ನು ಸ್ವಲ್ಪ ಮೇಲಕ್ಕೆಳೆದು ಅದೇ ದಿಕ್ಕಿಗೆ ತಿರುಗಿಸಬೇಕು. ಹಿಂದಕ್ಕೆ ತಿರುಗಿಸುವಂತಿಲ್ಲ. ಇದರ ಗುಟ್ಟು ಸರಳ. 25ರಿಂದ 7 ಕಳೆಯುವ ಬದಲು, 07ನ್ನು 99 ಮಾಡಲು ಬೇಕಾದ 92ನ್ನು 25ಕ್ಕೆ ಕೂಡಿಸಿ. 117 ಬಂತು. ಮುಂದಿನ ಒಂದನ್ನು ತೆಗೆದು ಹಿಂದೆ ಕೂಡಿಸಿ. 18. ಕಳೆಯುವುದೂ ಒಂದು ಬಗೆಯ ಕೂಡುವುದೇ ಎಂದು ಈ ಪುಟ್ಟ ಡಬ್ಬಿಗೆ ಗೊತ್ತಿದೆ. ಲೈಬ್ನಿಟ್ಸನ ಯಂತ್ರದಲ್ಲಿ ಪ್ರತಿ ಅಂಕಿಗೂ ಒಂದು ಉರುಳೆ ಬೇಕಿತ್ತು. ಇಲ್ಲಿ ಎಲ್ಲ ಅಂಕಿಗಳ ನಡುವೆ ಒಂದೇ ಉರುಳೆ.

ಇದನ್ನು ರೂಪಿಸಿದವರು ವಿಯೆನ್ನಾದ ಕುರ್ಟ್ ಹೆರ್ಜ್‌ಸ್ಟಾರ್ಕ್. ತಂದೆ ಯಹೂದಿ, ತಾಯಿ ಕ್ಯಾಥೊಲಿಕ್. ತಂದೆಯ ಕಾರ್ಖಾನೆ ಲೆಕ್ಕಯಂತ್ರಗಳದ್ದೇ. ಯಂತ್ರದ ಕಲ್ಪನೆಗೆ 1938ರ ಹೊತ್ತಿಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಅದೇ ವರ್ಷ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ಬಂತು. ಕಾರ್ಖಾನೆ ಜರ್ಮನ್ ಸೇನೆಗೆ ಅಳತೆಯ ಉಪಕರಣಗಳನ್ನು ತಯಾರಿಸಬೇಕಾಯಿತು. 1943ರಲ್ಲಿ ಇಂಗ್ಲಿಷ್ ರೇಡಿಯೊ ಸುದ್ದಿಯ ವಿಷಯದಲ್ಲಿ ತಮ್ಮ ಕೆಲಸಗಾರರಿಬ್ಬರು ಬಂಧನಕ್ಕೊಳಗಾದಾಗ ಅವರ ಪರ ಮಾತಾಡಲು ಹೋದ ಹೆರ್ಜ್‌ಸ್ಟಾರ್ಕ್ ಅವರೇ ಬಂಧಿಯಾದರು. ಕೊನೆಗೆ ಬೂಖನ್‌ವಾಲ್ಡ್ ಯಾತನಾಶಿಬಿರ ಸೇರಿದರು. ಅಲ್ಲಿಯ ಕಾರ್ಖಾನೆಯಲ್ಲಿ ಅವರ ಪೂರ್ವಾಪರ ತಿಳಿದಿದ್ದ ಒಬ್ಬ ಅಧಿಕಾರಿ, ಬಿಡುವಿನಲ್ಲಿ ಆ ಯಂತ್ರದ ನಕ್ಷೆ ಬರೆಯಲು ಅನುಮತಿ ಕೊಟ್ಟ. ಯುದ್ಧ ಗೆದ್ದ ಮೇಲೆ ಅದನ್ನು ಫ್ಯೂರರ್‌ಗೆ ಉಡುಗೊರೆಯಾಗಿ ಕೊಡಬಹುದು, ಆಗ ನಿನ್ನನ್ನು ಆರ್ಯನೆಂದು ಪರಿಗಣಿಸಬಹುದು ಎಂಬುದು ಅವನು ತೋರಿಸಿದ ಆಸೆ. ಹೆರ್ಜ್‌ಸ್ಟಾರ್ಕ್ ನೆನಪಿನಿಂದ ಪೆನ್ಸಿಲಿನಲ್ಲಿ ನಕ್ಷೆ ಬರೆದರು. 1945ರ ಏಪ್ರಿಲ್ 11ರಂದು ಶಿಬಿರ ಬಿಡುಗಡೆಯಾದಾಗ ಆ ಹಾಳೆಗಳು ಅವರ ಬಳಿ ಇದ್ದವು.

ಮುಂದಿನ ಕತೆಯೂ ಸುಖದ್ದಲ್ಲ. ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ರಾಜ್ಯದ ದೊರೆ ಆಸಕ್ತಿ ತೋರಿಸಿ, ಅಲ್ಲಿಯ ಮೌರನ್‌ನಲ್ಲಿ ಕಾಂಟಿನಾ ಎಂಬ ಕಂಪನಿ ಹುಟ್ಟಿತು. ಯಂತ್ರಕ್ಕೆ ಮೊದಲು ‘ಲಿಲಿಪುಟ್’ ಎಂಬ ಹೆಸರಿಟ್ಟಿದ್ದರು. ಇದು ಕುರ್ಟ್ ಅವರ ಮಗಳಲ್ಲವೇ, ಕುರ್ಟಾ ಎನ್ನಿ ಎಂದು ಮಾರಾಟ ಮೇಳವೊಂದರಲ್ಲಿ ಮಹಿಳೆಯೊಬ್ಬರು ಸೂಚಿಸಿದರಂತೆ. ಕಂಪನಿ ನೆಲೆಯೂರಿದ ಮೇಲೆ ಹಣ ಹೂಡಿದವರು ಲೆಕ್ಕಪತ್ರದ ಕೈಚಳಕದಿಂದ ಹೆರ್ಜ್‌ಸ್ಟಾರ್ಕ್ ಅವರ ಷೇರುಗಳನ್ನು ಬೆಲೆಯಿಲ್ಲದಂತೆ ಮಾಡಿದರು. ಪೇಟೆಂಟ್ ಮಾತ್ರ ಅವರ ಹೆಸರಿನಲ್ಲೇ ಉಳಿದಿತ್ತು. ಮೊಕದ್ದಮೆಯೇನಾದರೂ ಬಂದರೆ ಅವರ ತಲೆಗೇ ಇರಲಿ ಎಂದು ಬಿಟ್ಟಿದ್ದರು. ಆ ದುರಾಲೋಚನೆಯೇ ಅವರನ್ನು ಕಾಪಾಡಿತು. ಸುಮಾರು 1,40,000 ಯಂತ್ರಗಳು ತಯಾರಾದವು. 1970ರಲ್ಲಿ ತಯಾರಿಕೆ ನಿಂತಿತು. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬಂದಿತ್ತು. ಹೆರ್ಜ್‌ಸ್ಟಾರ್ಕ್ 1988ರಲ್ಲಿ ತೀರಿಕೊಂಡರು.

ಕುರ್ಟಾ ದುರಸ್ತಿಯವರ ನಡುವೆ ಒಂದು ಎಚ್ಚರಿಕೆ ಚಾಲ್ತಿಯಲ್ಲಿದೆ: ಗೊತ್ತಿಲ್ಲದೆ ಬಿಚ್ಚಬೇಡಿ. ಬಿಚ್ಚಿದವರು ಮತ್ತೆ ಜೋಡಿಸಲಾರದೆ ಬಿಡಿಭಾಗಗಳನ್ನು ಚೀಲದಲ್ಲಿ ಹೊತ್ತು ಬಲ್ಲವರ ಬಾಗಿಲಿಗೆ ಬರುತ್ತಾರೆ. ಬಿಡಿಭಾಗಗಳನ್ನು ಮಾಡುವವರು ಈಗಿಲ್ಲ. ಸತ್ತ ಯಂತ್ರದಿಂದ ತೆಗೆದು ಬದುಕಿರುವುದಕ್ಕೆ ಹಾಕಬೇಕು. ಪ್ರತಿ ಯಂತ್ರದ ತಳದಲ್ಲಿ ಅದರದೇ ಸಂಖ್ಯೆ ಇದೆ. ಎರಡನ್ನು ಸೇರಿಸಿ ಒಂದು ಮಾಡಿದಾಗ ಸಂಖ್ಯೆ ಯಾರದ್ದು ಉಳಿಯಬೇಕು ಎಂದು ಅವರು ಗಂಭೀರವಾಗಿ ಚರ್ಚಿಸುತ್ತಾರೆ. ಯಂತ್ರದ ಡಬ್ಬಿಯ ಮುಚ್ಚಳ ಬೇರೆಲ್ಲ ಮುಚ್ಚಳಗಳಿಗೆ ತಿರುಗುಮುರುಗಾಗಿ ಬಿಚ್ಚುತ್ತದೆ. ಇದು ತಿಳಿಯದವರು ಬಿಗಿಮಾಡುತ್ತಲೇ ಹೋಗುತ್ತಾರೆ. ಉರ್ದು ಪುಸ್ತಕವನ್ನು ಎಡದಿಂದ ತೆರೆದ ನಮ್ಮ ಕನ್ನಡ ಮೇಷ್ಟರೊಬ್ಬರು ‘ಇದೇನು, ಕೊನೆಯಿಂದ ಶುರುವಾಗುತ್ತದಲ್ಲ’ ಎಂದದ್ದು ನೆನಪಾಗುತ್ತದೆ.

ಈ ಜನರ ಶ್ರದ್ಧೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ನಮಗೆ ಒಪ್ಪಿಗೆಯಾಗದ್ದು ಯಂತ್ರದ ಜೊತೆ ಮಾರಾಟವಾಗುವ ಕತೆ. ಇಂದು ಒಳ್ಳೆಯ ಸ್ಥಿತಿಯ ಕುರ್ಟಾ ಸಾವಿರ ಡಾಲರ್ ದಾಟುವುದು ಅಪರೂಪವಲ್ಲ. ಜಾಹೀರಾತಿನಲ್ಲಿ ಮೊದಲು ಸ್ಥಿತಿ, ಆಮೇಲೆ ಸಂಖ್ಯೆ, ಆಮೇಲೆ ಎರಡು ಸಾಲಿನಲ್ಲಿ ಬೂಖನ್‌ವಾಲ್ಡ್. ನರಕದಲ್ಲಿ ಅರಳಿದ ಹೂವು ಎಂಬ ಧಾಟಿ. ಆ ಶಿಬಿರದಲ್ಲಿ ಸುಮಾರು 56,000 ಜನ ಸತ್ತರು. ಅವರ ನಡುವೆಯೂ ಮನಸ್ಸಿನಲ್ಲಿ ನಕ್ಷೆ ಹೊತ್ತವರು ಇದ್ದಿರಲೇಬೇಕು. ಅವರಿಗೆ ಕಾಗದ ಸಿಗಲಿಲ್ಲ. ಏಕೆಂದರೆ ಅವರ ನಕ್ಷೆಯಿಂದ ಫ್ಯೂರರ್‌ಗೆ ಉಡುಗೊರೆ ಆಗುವಂತಿರಲಿಲ್ಲ. ಪ್ರತಿಭೆ ಎಲ್ಲಿದ್ದರೂ ಗೆಲ್ಲುತ್ತದೆ ಎಂದು ಸಾರುವ ಕತೆ, ಕೊಲೆಗಾರನಿಗೆ ಪ್ರಯೋಜನವಾದ ಪ್ರತಿಭೆಗೆ ಮಾತ್ರ ಬದುಕುವ ಅವಕಾಶ ಸಿಕ್ಕಿತು ಎಂಬುದನ್ನು ಮರೆಸುತ್ತದೆ. ಇದೂ ಒಂದು ಬಗೆಯ ಹೊಸ ಬಣ್ಣವೇ.

ಇದನ್ನು ಹೇಳುವಾಗ ನಮ್ಮ ಮೇಲೆ ನಮಗೇ ಅನುಮಾನ. ಕೆಲವು ವರ್ಷಗಳ ಹಿಂದೆ ನಾವು ಹೆರ್ಜ್‌ಸ್ಟಾರ್ಕ್ ಬಗ್ಗೆ ಒಂದು ಕತೆ ಬರೆಯಲು ಹೊರಟಿದ್ದೆವು. ಮಂಜಿನ ಬೆಳಗು, ತೆರೆದ ಗೇಟು, ಎದೆಯ ಹತ್ತಿರ ಮಡಚಿದ ನಕ್ಷೆ. ಕೊನೆಯ ಪ್ಯಾರಾ ಬಹಳ ಚೆನ್ನಾಗಿ ಬಂದಿತ್ತು. ಬಹಳ ಚೆನ್ನಾಗಿ ಬಂದದ್ದೇ ಅದರ ರೋಗವಾಗಿತ್ತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಬ್ಯಾಬೇಜ್ ಸಂಸ್ಥೆ 1987ರಲ್ಲಿ ಅವರ ಸುದೀರ್ಘ ಸಂದರ್ಶನವನ್ನು ದಾಖಲಿಸಿದೆ. ಅದು ಕೈಗೆ ಬಂದಾಗ ನಮ್ಮ ಕತೆಯಲ್ಲಿ ಒಬ್ಬನೇ ಒಬ್ಬ ಮನುಷ್ಯನಿದ್ದಾನೆ, ಸುತ್ತ ಯಾರೂ ಇಲ್ಲ ಎಂಬುದು ಕಂಡಿತು. ನಾವೂ ಗೀರುಗಳನ್ನೆಲ್ಲ ತಿಕ್ಕಿ ತೆಗೆದಿದ್ದೆವು. ಕತೆಯನ್ನು ಹರಿದುಹಾಕಿದೆವು.

ಮೂಲಕ್ಕೆ ನಿಷ್ಠರಾಗಿರುವುದು ಎಂದರೇನು ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದವರೂ ಇದ್ದಾರೆ. ಚಾರ್ಲ್ಸ್ ಬ್ಯಾಬೇಜ್ 1840ರ ದಶಕದ ಕೊನೆಯಲ್ಲಿ ನಕ್ಷೆ ಬರೆದು ತನ್ನ ಜೀವಮಾನದಲ್ಲಿ ಕಟ್ಟಲಾಗದೆ ಹೋದ ‘ಎರಡನೆಯ ಡಿಫರೆನ್ಸ್ ಎಂಜಿನ್’ ಅನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂ, ಡೋರನ್ ಸ್ವೇಡ್ ಅವರ ಮುಂದಾಳುತನದಲ್ಲಿ ಕಟ್ಟಿತು. ಲೆಕ್ಕದ ಭಾಗ 1991ರಲ್ಲಿ, ಬ್ಯಾಬೇಜ್ ಹುಟ್ಟಿದ ಇನ್ನೂರನೆಯ ವರ್ಷಕ್ಕೆ ಸರಿಯಾಗಿ ಮುಗಿಯಿತು. ಮುದ್ರಣದ ಭಾಗ 2002ರಲ್ಲಿ. ಒಟ್ಟು 8,000 ಭಾಗಗಳು, ಐದು ಟನ್ ತೂಕ. ಆಧುನಿಕ ಯಂತ್ರಗಳಿಂದ ಭಾಗಗಳನ್ನು ಕಡೆದರೂ 19ನೇ ಶತಮಾನದ ಕುಶಲಕರ್ಮಿಗಳಿಗೆ ಸಾಧ್ಯವಿದ್ದ ನಿಖರತೆಯನ್ನು ಮೀರಬಾರದೆಂದು ಅವರು ತಮಗೆ ತಾವೇ ಕಟ್ಟು ಹಾಕಿಕೊಂಡರು. ನಕ್ಷೆಗಳಲ್ಲಿ ತಪ್ಪುಗಳು ಸಿಕ್ಕವು. ಇದ್ದ ಹಾಗೆ ಮಾಡಿದರೆ ಯಂತ್ರ ಓಡದು, ತಿದ್ದಿದರೆ ಅದು ಬ್ಯಾಬೇಜನದಲ್ಲ. ಅವರು ತಿದ್ದಿದರು, ಆದರೆ ತಿದ್ದಿದ್ದನ್ನು ಬರೆದಿಟ್ಟರು. ಉರ್ದುವಿನಿಂದ ಕನ್ನಡಕ್ಕೆ ಅಷ್ಟಿಷ್ಟು ಅನುವಾದ ಮಾಡಿರುವ ನಮಗೆ ಈ ಸಂಕಟ ಚೆನ್ನಾಗಿ ಗೊತ್ತು. ಮೂಲದ ತಪ್ಪನ್ನು ಗುಟ್ಟಾಗಿ ಸರಿಪಡಿಸಿ ನಾವು ಎಷ್ಟೋ ಸಲ ಒಳ್ಳೆಯ ಹೆಸರು ಪಡೆದಿದ್ದೇವೆ.

ಇನ್ನೂ ಹಳೆಯ ಉದಾಹರಣೆ ನಮ್ಮ ಉಪಖಂಡದಲ್ಲೇ ಇದೆ. ಅಸ್ತರ್ಲಾಬ್ ಎಂಬ ಹಿತ್ತಾಳೆಯ ಉಪಕರಣ ಗಿಯರಿಲ್ಲದ ಲೆಕ್ಕಯಂತ್ರವೇ. ಸೂರ್ಯ, ನಕ್ಷತ್ರಗಳ ಎತ್ತರದಿಂದ ಹೊತ್ತನ್ನೂ ದಿಕ್ಕನ್ನೂ ಲೆಕ್ಕಹಾಕುತ್ತದೆ. ಗಿಯರಿರುವುದೂ ಒಂದಿದೆ: ಇಸ್ಫಹಾನಿನ ಮುಹಮ್ಮದ್ ಬಿನ್ ಅಬೀಬಕರ್ ಹಿಜರಿ 618ರಲ್ಲಿ, ಎಂದರೆ ಕ್ರಿ.ಶ. 1221-22ರಲ್ಲಿ ಮಾಡಿದ್ದು ಆಕ್ಸ್‌ಫರ್ಡ್ ಮ್ಯೂಸಿಯಂನಲ್ಲಿದೆ. ಅದರ ಬೆನ್ನಲ್ಲಿ ಸೂರ್ಯ ಚಂದ್ರರ ಪಂಚಾಂಗ ಹಲ್ಲುಚಕ್ರಗಳಿಂದ ನಡೆಯುತ್ತದೆ. ಲಾಹೋರಿನಲ್ಲಿ 16ನೇ ಶತಮಾನದ ಉಸ್ತಾದ್ ಅಲ್ಲಾದಾದ್ ಅವರಿಂದ ತೊಡಗಿ ನಾಲ್ಕು ತಲೆಮಾರು ಒಂದೇ ಮನೆತನ ಈ ಉಪಕರಣಗಳನ್ನು ಮಾಡಿತು. ಅವುಗಳ ಮೇಲಿನ ಅಂಕಿಗಳು ‘ಅಬ್ಜದ್’ ಅಕ್ಷರಗಳಲ್ಲಿವೆ: ಅಲಿಫ್ ಎಂದರೆ ಒಂದು, ಬೇ ಎಂದರೆ ಎರಡು. ಲಾರಿಗಳ ಮೇಲೆ ಓದುಗರು ನೋಡುವ 786 ಇದೇ ಲೆಕ್ಕದ್ದು, ಬಿಸ್ಮಿಲ್ಲಾಹ್ ವಾಕ್ಯದ ಅಕ್ಷರಗಳ ಮೊತ್ತ. ಭಾರತೀಯ ಖಗೋಳ ಉಪಕರಣಗಳನ್ನು ಜೀವಮಾನವಿಡೀ ಹುಡುಕಿ ಪಟ್ಟಿಮಾಡಿದ ವಿದ್ವಾಂಸ ಶ್ರೀರಾಮುಲ ರಾಜೇಶ್ವರ ಶರ್ಮ ಅವರು ಫಾರಸಿ ಅಸ್ತರ್ಲಾಬ್‌ಗಳಲ್ಲಿ ಕೆಲವನ್ನು ಬೇರೆಯಾಗಿಯೇ ಗುರುತಿಸಿದ್ದಾರೆ. ಅವುಗಳ ಮೇಲೆ ಆಮೇಲೆ ಬಂದ ಯಾರೋ ಸಂಸ್ಕೃತ ಬಲ್ಲ ಜೋಯಿಸರು ನಾಗರಿ ಅಕ್ಷರಗಳನ್ನೂ ಅಂಕಿಗಳನ್ನೂ ಕೊರೆಸಿದ್ದಾರೆ. ಒಂದು ತಟ್ಟೆಯ ಮೇಲೆ ಎರಡು ಕೈ, ಎರಡು ಲಿಪಿ, ಒಂದೇ ಆಕಾಶ. ಹೊಳಪಿನವರ ಕಣ್ಣಿಗೆ ಇದು ಮುಸ್ಲಿಂ ಉಸ್ತಾದನ ಅಂದವಾದ ಕೆತ್ತನೆಯನ್ನು ಕೆಡಿಸಿದ ಗೀರು. ಶರ್ಮರು ಅದನ್ನು ಓದಿ ದಾಖಲಿಸಿದರು. ಅವರ ಪಟ್ಟಿ ಇಲ್ಲದೆ ಹೋಗಿದ್ದರೆ, ಆ ನಾಗರಿ ಅಕ್ಷರಗಳನ್ನು ಉಜ್ಜಿ ‘ಮೂಲರೂಪ’ಕ್ಕೆ ತರಲು ಇಂದು ಎರಡೂ ಕಡೆಯಿಂದ ಜನ ಮುಂದೆ ಬರುತ್ತಿದ್ದರೋ ಏನೋ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ರಿಪೇರಿಯವರ ಪರವಾಗಿ ಒಂದು ಮಾತು. ಅಬ್ಬಾ ತಮ್ಮ ಜೀವಮಾನದಲ್ಲಿ ಆ ಏಳನೆಯ ಚಕ್ರವನ್ನು ಸರಿಪಡಿಸಲಿಲ್ಲ. ಅದರ ಪಕ್ಕದಲ್ಲಿ ಎಚ್ಚರಿಕೆ ಬರೆದು ಸುಮ್ಮನಾದರು. ಗಿರಣಿಯ ಮಾಲೀಕರಿಗೆ ರಿಪೇರಿ ಮಾಡಿಸಿ ಎಂದು ಅವರು ಕೇಳಿದ್ದರೋ ಇಲ್ಲವೋ. ಕೇಳಿದ್ದರೂ ಮಾಡಿಸುತ್ತಿದ್ದರೆಂಬ ನಂಬಿಕೆ ನಮಗಿಲ್ಲ. ಹಾಸಿಲ್ ತಪ್ಪಿದಾಗಲೆಲ್ಲ ರಾತ್ರಿ ಕೂತು ಇಡೀ ಪುಟವನ್ನು ಕೈಯಲ್ಲಿ ಮತ್ತೆ ಕೂಡುತ್ತಿದ್ದವರು ಅವರೇ. ಈಗ ಯಾರೂ ಎಚ್ಚರವಿರಬೇಕಾಗಿಲ್ಲ. ಆ ‘ಹೇ’ ಅಕ್ಷರಕ್ಕೆ ಕೆಲಸವಿಲ್ಲ. ಕೆಲಸ ಮುಗಿದ ಬರಹವನ್ನು ಉಳಿಸಬೇಕೆ ಎಂದು ಆ ಹಿರಿಯರು ನಮ್ಮನ್ನು ಕೇಳಿದ್ದರೆ ನಾವೇನು ಹೇಳುತ್ತಿದ್ದೆವೋ ಗೊತ್ತಿಲ್ಲ. ಅವರು ಕೇಳಲಿಲ್ಲ ಎಂಬುದಷ್ಟೇ ನಮ್ಮ ದೂರು. ನಾವೂ ಮೊದಲೇ ಹೇಳಿರಲಿಲ್ಲ.

ಕಳೆದ ರಂಜಾನಿನಲ್ಲಿ ಕರೆಂಟ್ ಹೋಗಿದ್ದ ಒಂದು ರಾತ್ರಿ, ಟಾರ್ಚನ್ನು ಯಂತ್ರದ ಮುಖಕ್ಕೆ ಓರೆಯಾಗಿ ಹಿಡಿದು ನೋಡಿದೆವು. ಬಣ್ಣದ ಅಡಿಯಲ್ಲಿ ಎರಡು ಗೀರುಗಳ ತಗ್ಗು ಇನ್ನೂ ಇದೆ, ಸಾವಿರದ್ದು ಮತ್ತು ಲಕ್ಷದ್ದು. ಕೋಟಿಯದು ಕಾಣಲಿಲ್ಲ, ‘ಹೇ’ ಕೂಡ. ಪಕ್ಕದಲ್ಲಿದ್ದ ಮಗಳಿಗೆ ದಾದಾ ಹಾಕಿದ್ದ ಗುರುತಿನ ಕತೆ ಹೇಳಿದೆವು. ಅವಳು ಬಿ.ಕಾಂ. ಓದುತ್ತಿದ್ದಾಳೆ. ಬೆಳಿಗ್ಗೆ ನೋಡಿದರೆ ಕಿಂಡಿಗಳ ಕೆಳಗೆ ಪೆನ್ಸಿಲಿನಿಂದ ಅಂದವಾಗಿ ಗೆರೆ ಎಳೆದಿದ್ದಳು. ಮೂರಕ್ಕೊಂದು, ಮೂರಕ್ಕೊಂದು, ಮೂರಕ್ಕೊಂದು.